ಗೋಡೌನ್ ಬಿಡಿ, ತಕ್ಕಡಿ ಹಿಡಿಯಿರಿ

ಓದುಗರ ಪತ್ರ: ‘ಬೆಂಗಳೂರಿನ ಡ್ರಗ್ಸ್ ಸಿನಿಮಾಗಳಿಗೆ ಪಬ್ಬು ಗೊತ್ತು, ಕೋರ್ಟು ಗೊತ್ತಿಲ್ಲ’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಾವು ಗೆಳೆಯರು ಸೇರಿ ಸ್ವಂತ ದುಡ್ಡಿನಲ್ಲಿ ಅಂಥದ್ದೇ ಒಂದು ಕ್ರೈಂ ಥ್ರಿಲ್ಲರ್ ಮಾಡಲು ಹೊರಟಿದ್ದೇವೆ. ಸಿಸಿಬಿ ಇನ್‌ಸ್ಪೆಕ್ಟರ್ ನಾಯಕ, ನೈಜೀರಿಯಾದವನು ಖಳನಾಯಕ, ಚಟಕ್ಕೆ ಬಿದ್ದ ತಂಗಿಯೊಬ್ಬಳು, ಕೊನೆಗೆ ಪೀಣ್ಯದ ಗೋಡೌನಿನಲ್ಲಿ ಗುಂಡಿನ ಕಾಳಗ. ಆ ಕಾಳಗಕ್ಕೆ ದುಡ್ಡು ಸಾಲುತ್ತಿಲ್ಲ. ಸೆನ್ಸಾರಿನವರು ಬಿಡುತ್ತಾರೋ ಇಲ್ಲವೋ ಎಂಬ ಭಯ ಬೇರೆ. ಕೈ ಖಾಲಿ ಇರುವವರು ಇಂಥ ಕಥೆ ಮುಟ್ಟಲೇಬಾರದೇ ಸಾರ್?
— ಒಬ್ಬ ಓದುಗ, ಶ್ರೀನಗರ, ಬೆಂಗಳೂರು

ಸಂಪಾದಕರ ಉತ್ತರ:

ಸೆನ್ಸಾರ್ ವಿಷಯ ಕೊನೆಗಿರಲಿ, ಅದು ಸುಲಭದ್ದು. ಮೊದಲು ಆ ಗೋಡೌನನ್ನು ಕಿತ್ತುಹಾಕಿ. ನಾಳೆ ಯಾರೋ ಪುಣ್ಯಾತ್ಮರು ದುಡ್ಡು ಕೊಡುತ್ತೇನೆಂದು ಬಂದರೂ ಬೇಡ ಅನ್ನಿ. ಈ ದಂಧೆಯಲ್ಲಿ ಸಿಕ್ಕಿಬಿದ್ದವನ ಹಣೆಬರಹ ಬರೆಯುವುದು ತಕ್ಕಡಿ. ತಕ್ಕಡಿಗೆ ಬಾಡಿಗೆ ಕಡಿಮೆ.

ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ನಿಂತಿರುವುದೇ ತೂಕದ ಮೇಲೆ. ಗಾಂಜಾ ಒಂದು ಕೆ.ಜಿ.ಗಿಂತ ಕಡಿಮೆ ಇದ್ದರೆ ಹೆಚ್ಚೆಂದರೆ ಒಂದು ವರ್ಷ ಜೈಲು. 20 ಕೆ.ಜಿ. ದಾಟಿತೋ, ಅದು ‘ವಾಣಿಜ್ಯ ಪ್ರಮಾಣ’. ಕನಿಷ್ಠವೇ 10 ವರ್ಷ, ಗರಿಷ್ಠ 20, ಜೊತೆಗೆ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ರಾಸಾಯನಿಕ ಮಾದಕವಸ್ತು ಎಂಡಿಎಂಎಗೆ ಇದೇ ಗೆರೆಗಳು ಅರ್ಧ ಗ್ರಾಂ ಮತ್ತು 10 ಗ್ರಾಂ. 10 ಗ್ರಾಂ ಅಂದರೆ ಎರಡು ಟೀ ಚಮಚ ಸಕ್ಕರೆಯಷ್ಟು. ಅದನ್ನು ಮೀರಿದರೆ ಜಾಮೀನಿನ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿದಂತೆಯೇ. 37ನೇ ಕಲಮಿನ ಪ್ರಕಾರ, ಈತ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂಬುದು ವಿಚಾರಣೆಗೂ ಮೊದಲೇ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ದೋಷಾರೋಪ ಪಟ್ಟಿ ಹಾಕುವುದಕ್ಕೇ ಪೊಲೀಸರಿಗೆ 180 ದಿನ ಇದೆ. ಅಷ್ಟೂ ದಿನ ಪರಪ್ಪನ ಅಗ್ರಹಾರ.

ಇನ್ನೊಂದು ಸ್ವಾರಸ್ಯ ನೋಡಿ. ಪುಡಿಗೆ ಬೇರೇನೋ ಬೆರೆಸಿದ್ದರೆ ಶುದ್ಧ ಮಾಲಿನ ತೂಕವನ್ನಷ್ಟೇ ಲೆಕ್ಕ ಹಿಡಿಯಬೇಕೋ, ಬೆರಕೆಯನ್ನೂ ಸೇರಿಸಬೇಕೋ ಎಂಬ ಜಗಳ ಬಹಳ ಕಾಲ ನಡೆಯಿತು. ಬೆರಕೆಯೂ ಲೆಕ್ಕಕ್ಕೆ ಬರುತ್ತದೆ ಎಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ನಾಲ್ಕು ಕಾಸು ಹೆಚ್ಚು ಸಿಗಲಿ ಎಂದು ಪೆಡ್ಲರ್ ಬೆರೆಸಿದ ಪುಡಿಯೇ ಅವನನ್ನು 10 ಗ್ರಾಂ ಗೆರೆ ದಾಟಿಸಬಹುದು. ಗಾಂಜಾದ ಕಥೆ ಇದಕ್ಕೆ ತದ್ವಿರುದ್ಧ. ಕಾಯ್ದೆಯ ಕಣ್ಣಿನಲ್ಲಿ ಗಾಂಜಾ ಅಂದರೆ ಗಿಡದ ಹೂತುದಿ. ಹೂತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 22 ಕೆ.ಜಿ. ತೂಗಿದ ಮೂಟೆಯಲ್ಲಿ ಹೂವೆಷ್ಟು, ಎಲೆಯೆಷ್ಟು, ಕಡ್ಡಿಯೆಷ್ಟು, ಗೋಣಿಚೀಲದ ತೂಕ ಕಳೆದರೋ ಇಲ್ಲವೋ? ವಕೀಲರು ಹಿಡಿಯುವ ಜಾಗ ಇದು. ಒಬ್ಬನ ಹತ್ತು ವರ್ಷ ಆ ಎರಡು ಕೆ.ಜಿ.ಯಲ್ಲಿ ನೇತಾಡುತ್ತಿರುತ್ತದೆ. ಇದಕ್ಕಿಂತ ಥ್ರಿಲ್ಲರ್ ಬೇಕೇ?

ದಾಳಿಯ ದೃಶ್ಯವೂ ನೀವು ಅಂದುಕೊಂಡಂತಿಲ್ಲ. ರಾತ್ರಿ ಹೊತ್ತು ವಾರಂಟ್ ಇಲ್ಲದೆ ಮನೆಗೆ ನುಗ್ಗುವ ಅಧಿಕಾರಿ, ವಾರಂಟಿಗೆ ಕಾಯಲು ಏಕೆ ಆಗಲಿಲ್ಲ ಎಂದು ಬರೆದಿಡಬೇಕು. ಮೈ ತಪಾಸಣೆಗೆ ಮುಂಚೆ, ‘ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ’ ಎಂದು ತಿಳಿಸಬೇಕು. ಕೈಯಲ್ಲಿರುವ ಬ್ಯಾಗಿಗೆ ಈ ನಿಯಮ ಇಲ್ಲ, ಅಂಗಿ ಜೇಬಿಗೆ ಇದೆ. ಇನ್ನು ನಿಮ್ಮ ಇನ್‌ಸ್ಪೆಕ್ಟರ್ ಕಪಾಳಕ್ಕೆ ಬಾರಿಸಿ ತಪ್ಪೊಪ್ಪಿಗೆ ಬರೆಸಿಕೊಳ್ಳುವ ದೃಶ್ಯ ಖಂಡಿತ ಇರುತ್ತದೆ, ಬಲ್ಲೆ. ಇಂಥ ಕೇಸುಗಳಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕೇಂದ್ರದ ಮಾದಕವಸ್ತು ನಿಯಂತ್ರಣ ದಳವಾದ ಎನ್‌ಸಿಬಿ ಅಧಿಕಾರಿಗಳ ಮುಂದಿನದೂ ನಿಲ್ಲುವುದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ತೀರ್ಪಾಗಿದೆ.

ಹಾಗಾದರೆ ನಾಯಕ ಯಾರು? ನನ್ನನ್ನು ಕೇಳಿದರೆ, ಪಂಚ. ಮಹಜರಿಗೆ ಸಾಕ್ಷಿ ಬೇಕೆಂದು ಪೊಲೀಸರು ಬೀದಿಯಿಂದ ಕರೆದೊಯ್ಯುವವನು. ಮೆಜೆಸ್ಟಿಕ್‌ನ ಲಾಡ್ಜೊಂದರ ಕೆಳಗೆ ಬೀಡಾ ಅಂಗಡಿ ಇಟ್ಟವನೆಂದುಕೊಳ್ಳಿ. ಐದು ನಿಮಿಷ ಬಾರಪ್ಪಾ ಎಂದು ಮೇಲಿನ ರೂಮಿಗೆ ಕರೆದರು. ತೂಗಿದರು, ಅರಗಿನ ಮುದ್ರೆ ಒತ್ತಿದರು, ಇವನು ಸಹಿ ಹಾಕಿದ. ತೂಗುವಾಗ ಇವನು ಕಿಟಕಿಯಿಂದ ಅಂಗಡಿ ಕಡೆ ನೋಡುತ್ತಿದ್ದ, ಅಂಕಿ ನೋಡಲಿಲ್ಲ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುತ್ತದೆ, ಕೇಸು ನಿಲ್ಲುತ್ತದೆ, ವರ್ಷಗಳು ಕಳೆಯುತ್ತವೆ. ಒಂದು ದಿನ ಸಮನ್ಸ್ ಬರುತ್ತದೆ. ಅಷ್ಟರಲ್ಲಿ ಅಂಗಡಿಗೆ ಇಬ್ಬರು ಗಿರಾಕಿಗಳು ಬಂದು ಹೋಗಿದ್ದಾರೆ, ಬೀಡಾ ತಿನ್ನಲು ಬಂದವರಲ್ಲ. ಕಟಕಟೆಯಲ್ಲಿ ಇವನು ಏನು ಹೇಳಬೇಕು? ‘ನೋಡಿದೆ’ ಅಂದರೆ ಸುಳ್ಳು, ‘ನೋಡಲಿಲ್ಲ’ ಅಂದರೆ ಪ್ರತಿಕೂಲ ಸಾಕ್ಷಿ. ಒಂದು ರೂಮು, ಒಂದು ಅಂಗಡಿ, ಒಂದು ಕೋರ್ಟ್ ವರಾಂಡ. ನಿಮ್ಮ ದುಡ್ಡಿಗೆ ಹೇಳಿ ಮಾಡಿಸಿದ್ದು.

ನೈಜೀರಿಯಾದವನನ್ನು ದಯವಿಟ್ಟು ಬಿಡಿ. ವಿದೇಶಿಯರು ಈ ಕೇಸುಗಳಲ್ಲಿ ಸಿಕ್ಕಿಬಿದ್ದೇ ಇಲ್ಲ ಎನ್ನುತ್ತಿಲ್ಲ. ಆದರೆ ತೆರೆಯ ಮೇಲೆ ಕಪ್ಪು ಮೈಬಣ್ಣ ಕಂಡ ಕೂಡಲೇ ಪ್ರೇಕ್ಷಕ ಕಥೆಯನ್ನು ಊಹಿಸಿಬಿಡುತ್ತಾನೆ. ನೀವು ಕೆಟ್ಟ ಕೆಲಸವನ್ನೂ ಮಾಡಿದಿರಿ, ಕುತೂಹಲವನ್ನೂ ಕೊಂದಿರಿ. ಹಾಗೆ ನೋಡಿದರೆ ಇಂದಿನ ದಂಧೆಗೆ ಮುಖವೇ ಇಲ್ಲ. ಆಂಧ್ರ–ಒಡಿಶಾ ಗಡಿಯಿಂದ ರೈಲಿನಲ್ಲಿ ಬರುವ ಗಾಂಜಾ ಬ್ಯಾಗು ರೈಲ್ವೆ ರಕ್ಷಣಾ ಪಡೆಯಾದ ಆರ್‌ಪಿಎಫ್ ಕೈಗೆ ಸಿಕ್ಕಾಗ ಎಷ್ಟೋ ಸಲ ಪಕ್ಕದಲ್ಲಿ ವಾರಸುದಾರನೇ ಇರುವುದಿಲ್ಲ. ನಗರದೊಳಗೆ ಮಾರುವವನೂ ಕೊಳ್ಳುವವನೂ ಭೇಟಿಯಾಗುವುದಿಲ್ಲ. ಪೊಟ್ಟಣವನ್ನು ಎಲ್ಲೋ ಇಟ್ಟು ಫೋಟೋ, ಲೊಕೇಷನ್ ಕಳಿಸುತ್ತಾರೆ. ಸಿಕ್ಕಿಬೀಳುವವನು ಸಾಮಾನ್ಯವಾಗಿ ಹೊತ್ತವನು. ಖಳನನ್ನು ಕೊನೆಯವರೆಗೂ ತೋರಿಸಬೇಡಿ, ಒಬ್ಬ ನಟನ ಸಂಭಾವನೆಯೂ ಉಳಿಯಿತು.

ಕಥೆಯಲ್ಲಿ ಚಟಕ್ಕೆ ಬಿದ್ದ ತಂಗಿಯೊಬ್ಬಳಿದ್ದಾಳೆ ಎಂದೂ ಬರೆದಿದ್ದೀರಿ. ಅವಳನ್ನು ಮಳೆಯಲ್ಲಿ ಕಿರುಚಿಸುವ ಮೊದಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ವೈದ್ಯರೊಬ್ಬರ ಸಮಯ ಕೇಳಿ ಮಾತಾಡಿ. ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮು ಇದೇ ಕಾಯ್ದೆಯಲ್ಲಿದೆ. ನಮ್ಮ ಸಿನಿಮಾದ ಅಣ್ಣಂದಿರಿಗೆ ಅದು ಗೊತ್ತಿದ್ದಂತಿಲ್ಲ.

ಈಗ ಸೆನ್ಸಾರ್. 1991ರ ಮಾರ್ಗಸೂಚಿ ಹೇಳುವುದು ಮಾದಕ ವ್ಯಸನವನ್ನು ಪ್ರೋತ್ಸಾಹಿಸುವ, ಸಮರ್ಥಿಸುವ, ಆಕರ್ಷಕವಾಗಿ ಬಿಂಬಿಸುವ ದೃಶ್ಯ ಕೂಡದೆಂದು. ಡ್ರಗ್ಸ್ ತೋರಿಸಲೇಬಾರದು ಎಂದಿಲ್ಲ. ಸಿನಿಮಾಟೋಗ್ರಾಫ್ ಕಾಯ್ದೆಗಾದ 2023ರ ತಿದ್ದುಪಡಿಯಿಂದ, ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯು/ಎ ಒಳಗೇ 7, 13, 16 ವರ್ಷದ ಮೇಲಿನವರು ಎಂಬ ವಿಂಗಡಣೆ ಬಂದಿದೆ. ಎ ಪ್ರಮಾಣಪತ್ರ ಇದ್ದೇ ಇದೆ. ಎ ಕೊಟ್ಟರೆ ಅಳಬೇಡಿ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇರುವುದರಿಂದ ಓಡಾಟ ಕಡಿಮೆ. ಸೆಟ್ಟಿಗೆ ನಿಜವಾದ ಮಾಲು ತರುವ ಪ್ರಾಮಾಣಿಕತೆಯೂ ಬೇಡ, ಒಣಗಿಸಿದ ಮೆಂತ್ಯ ಸೊಪ್ಪು ಸಾಕು.

ತಿದ್ದಿದ ಚಿತ್ರಕಥೆ ಕಳಿಸಿದರೆ ಓದುತ್ತೇನೆ. ಅಕ್ಷರ ಸ್ವಲ್ಪ ದೊಡ್ಡದಿರಲಿ.