ಇತಿಹಾಸ ಓದಿದವರು ವಿಜ್ಞಾನಿಯೇ?

ಪ್ರಶ್ನೆ: ನನ್ನ ಮಗಳು ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಮಧ್ಯಯುಗದ ಇತಿಹಾಸದ ಬಗ್ಗೆ ಸಂಶೋಧನೆ ನಡೆಸುತ್ತಿದ್ದಾಳೆ. ಅಲ್ಲಿ ಅವಳಂಥವರನ್ನು ಕರೆಯುವ ಪದಕ್ಕೆ ನಿಘಂಟಿನಲ್ಲಿ ‘ವಿಜ್ಞಾನಿ’ ಎಂಬ ಅರ್ಥವಿದೆ. ಊರಿನಲ್ಲಿ ಹಾಗೆಂದರೆ, ‘ಇತಿಹಾಸದವರು ವಿಜ್ಞಾನಿ ಹೇಗಾದಾರು?’ ಎಂದು ನಗುತ್ತಾರೆ. ಯಾರು ಸರಿ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಘಂಟೂ ತಪ್ಪಲ್ಲ, ನಿಮ್ಮೂರಿನವರೂ ತಪ್ಪಲ್ಲ. ಜರ್ಮನ್ ಭಾಷೆಯ ‘ವಿಸೆನ್‌ಶಾಫ್ಟ್’ ಎಂಬ ಪದ ಹುಟ್ಟಿದ್ದು ‘ತಿಳಿಯುವುದು’ ಎಂಬರ್ಥದ ‘ವಿಸೆನ್’ನಿಂದ. ಆಧಾರಸಹಿತವಾಗಿ, ಕ್ರಮಬದ್ಧವಾಗಿ ನಡೆಯುವ ಯಾವುದೇ ಅಧ್ಯಯನಕ್ಕೂ ಅದು ಸಲ್ಲುತ್ತದೆ. ಭೌತಶಾಸ್ತ್ರದಂಥವು ‘ನಾಟೂರ್‌ವಿಸೆನ್‌ಶಾಫ್ಟ್’, ಇತಿಹಾಸ, ಸಾಹಿತ್ಯದಂಥವು ‘ಗೈಸ್ಟೆಸ್‌ವಿಸೆನ್‌ಶಾಫ್ಟ್’ ಎಂದು ವಿಭಾಗ ಮಾಡಿದರೂ ಅವರ ಪಾಲಿಗೆ ಎರಡೂ ಒಂದೇ ಮನೆಯ ಕೋಣೆಗಳು. ರಷ್ಯನ್ನರ ‘ಉಚ್ಯೋನಿ’ ಎಂದರೆ ಕಲಿತವನು ಎಂದಷ್ಟೇ ಮೂಲಾರ್ಥ. ಅದೂ ಇಬ್ಬರಿಗೂ ಒಪ್ಪುತ್ತದೆ. ಅರಬ್ಬಿಯಲ್ಲಿ ‘ಇಲ್ಮ್’ ಎಂದರೆ ಜ್ಞಾನ, ಅದುಳ್ಳವನು ‘ಆಲಿಮ್’. ನಾವು ಧರ್ಮಪಂಡಿತರೆಂದು ಮಾತ್ರ ತಿಳಿದಿರುವ ‘ಉಲಮಾ’ ಅದರ ಬಹುವಚನ. ಇಂದಿನ ಅರಬ್ಬಿಯಲ್ಲಿ ಪ್ರಯೋಗಾಲಯದವರನ್ನೂ ಹಾಗೆಯೇ ಕರೆಯುತ್ತಾರೆ.

ಇಕ್ಕಟ್ಟಾದ ಅರ್ಥ ಇಂಗ್ಲಿಷಿನದು, ಅದೂ ಈಚಿನದು. 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದ ಹೆಸರಿನಲ್ಲಿ ನ್ಯೂಟನ್ ಬಳಸಿದ್ದು ‘ಪ್ರಕೃತಿಯ ತತ್ತ್ವಶಾಸ್ತ್ರ’ ಎಂಬ ಮಾತನ್ನು. 1833ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಯ ಸಭೆಯಲ್ಲಿ, ಕಲ್ಲು, ಕೀಟ, ವಿದ್ಯುತ್ತುಗಳನ್ನು ಪರೀಕ್ಷಿಸುವವರು ತಮ್ಮನ್ನು ತತ್ತ್ವಜ್ಞಾನಿಗಳೆಂದು ಕರೆದುಕೊಳ್ಳುವುದನ್ನು ಕವಿ ಕೋಲ್‌ರಿಜ್ ಆಕ್ಷೇಪಿಸಿದಾಗ, ಅಲ್ಲಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ‘ಆರ್ಟಿಸ್ಟ್’ ಎಂಬುದರ ಮಾದರಿಯಲ್ಲಿ ‘ಸೈಂಟಿಸ್ಟ್’ ಎಂಬ ಪದವನ್ನು ಸೂಚಿಸಿದರು. ಅದು ಅಚ್ಚಿಗೆ ಬಂದದ್ದು ಮರುವರ್ಷ, ಮೇರಿ ಸೋಮರ್‌ವಿಲ್ ಎಂಬ ಮಹಿಳೆಯ ಪುಸ್ತಕಕ್ಕೆ ಅವರು ಬರೆದ ವಿಮರ್ಶೆಯಲ್ಲಿ. ಇಂದು ಯಾರೂ ಅನುಮಾನಿಸದ ವಿಜ್ಞಾನಿ ಫ್ಯಾರಡೆಗೆ ಆ ಹೆಸರು ರುಚಿಸಲಿಲ್ಲ.

ನಮ್ಮ ಪದದ ಕಥೆ ಇನ್ನೂ ಸ್ವಾರಸ್ಯಕರ. ಮೋಕ್ಷಕ್ಕೆ ಸಂಬಂಧಿಸಿದ ಅರಿವು ‘ಜ್ಞಾನ’, ಶಿಲ್ಪ ಮತ್ತು ಶಾಸ್ತ್ರಗಳ ಅರಿವು ‘ವಿಜ್ಞಾನ’ ಎಂದು ಅಮರಕೋಶ ಹೇಳುತ್ತದೆ; ಆ ಲೆಕ್ಕದಲ್ಲಿ ವಿಗ್ರಹ ಕಡೆಯುವವನೂ ವಿಜ್ಞಾನಿಯೇ. ಆದರೆ ಇಂದಿನ ಕನ್ನಡದ ‘ವಿಜ್ಞಾನಿ’ ಹ್ಯೂವೆಲ್ ಅವರ ಪದದ ಅಳತೆಗೆ ಹೊಲಿದ ಅಂಗಿ. ಮರಾಠಿಯವರು ಅದೇ ಜಾಗದಲ್ಲಿ ‘ಶಾಸ್ತ್ರಜ್ಞ’ ಎನ್ನುತ್ತಾರೆ, ತೆಲುಗರು ‘ಶಾಸ್ತ್ರವೇತ್ತ’ ಎನ್ನುತ್ತಾರೆ. ನಮ್ಮಲ್ಲಿ ರಸಾಯನಶಾಸ್ತ್ರ, ರಾಜ್ಯಶಾಸ್ತ್ರ ಎಂದು ವಿಷಯಗಳಿಗೆಲ್ಲ ‘ಶಾಸ್ತ್ರ’ವನ್ನು ಧಾರಾಳವಾಗಿ ಹಂಚಿದ್ದೇವಾದರೂ, ‘ಶಾಸ್ತ್ರ ಕೇಳಿಬಂದೆ’ ಎಂದರೆ ಭವಿಷ್ಯ ಕೇಳಿ ಬಂದಂತೆ, ‘ಶಾಸ್ತ್ರಕ್ಕೆ ಮಾಡಿದೆ’ ಎಂದರೆ ನೆಪಕ್ಕೆ ಮಾಡಿದಂತೆ. ‘ಪಂಡಿತರು’ ಎಂದರೆ ಹಳ್ಳಿಗಳಲ್ಲಿ ಔಷಧ ಕೊಡುವವರು. ‘ವಿದುಷಿ’ ಎಂದರೆ, ಯಾವ ರಾಗ ಹಾಡುತ್ತಾಳೆ ಎಂದು ಕೇಳಿಯಾರು.

ಹೀಗಾಗಿ ಜರ್ಮನ್ ಪದಕ್ಕೆ ಸರಿಗಟ್ಟುವ ಕನ್ನಡ ಪದ, ನನ್ನ ದೃಷ್ಟಿಯಲ್ಲಿ, ‘ಸಂಶೋಧಕಿ’. 1909ರಲ್ಲಿ ಮೈಸೂರಿನಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಸಂಪಾದಿಸಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳಿಗೂ ಆ ಪದವನ್ನೇ ಬಳಸುತ್ತೇವೆ, ಸಿ.ವಿ. ರಾಮನ್ ಅವರಿಗೂ ಬಳಸಬಹುದು. ಊರಿನವರಿಗೆ ‘ಮಗಳು ಇತಿಹಾಸದ ಸಂಶೋಧಕಿ’ ಎನ್ನಿ.