ಕೊಚ್ಚಿಯಲ್ಲಿ ಒಂದು ಹಗಲು

ಪ್ರಶ್ನೆ: ಮುಂಬೈಯಿಂದ ಕ್ರೂಸ್‌ನಲ್ಲಿ ಹೊರಟಿದ್ದೇವೆ. ಕೊಚ್ಚಿಯಲ್ಲಿ ಹಡಗು ಒಂದು ಹಗಲು ನಿಲ್ಲುತ್ತದೆ. ಜೊತೆಗೆ ಮಂಡಿನೋವಿನ ಅತ್ತೆ. ಅಲೆಪ್ಪಿಯ ದೋಣಿ ಪ್ಯಾಕೇಜ್ ತಗೊಳ್ಳೋದಾ?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಬೇಡಮ್ಮಾ. ಅಲೆಪ್ಪಿಗೆ ಹೋಗಿಬರುವಷ್ಟರಲ್ಲಿ ಜಾಸ್ತಿ ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ. ಕಾಳಿ ನದಿ ದಡದವರಿಗೆ ಹಿನ್ನೀರು ಹೊಸದೂ ಅಲ್ಲ, ಅಲ್ವಾ? ಫೋರ್ಟ್ ಕೊಚ್ಚಿಗೆ ಹೋಗಿ. ಅತ್ತೆಗೆ ಆಟೋ ಮಾಡಿ. ಚೀನಾ ಬಲೆ ಮಾತ್ರ ನೋಡಲೇಬೇಕು: ಮರದ ತೊಲೆಯ ಒಂದು ತುದಿಗೆ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿದ ಕಲ್ಲುಗಳು. ನಾಲ್ಕೈದು ಜನ ಎಳೆದರೆ ಅಷ್ಟು ದೊಡ್ಡ ಬಲೆ ಮೆಲ್ಲಗೆ ಮೇಲೇಳುತ್ತದೆ. ದಡಕ್ಕೆ ಎಳೆಯುವ ನಮ್ಮ ರಂಪಣಿ ಮೀನುಬಲೆಗಿಂತ ಪೂರ್ತಿ ಬೇರೆ. ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ್ದು ಅಲ್ಲೇ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಸ್ವಂತವಾಗಿ ಸುತ್ತಲು ಹೋದವರಿಗೆ ಹಡಗು ಕಾಯುವುದಿಲ್ಲ, ಬೇಗ ಮರಳಿ.