ಹಿಮದ ಬೆಟ್ಟಕ್ಕೆ ಯಾವ ಗೇರ್: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ, ನಮಸ್ಕಾರ.

ಬೆಟ್ಟದ ಆಳವಾದ ಹಿಮದಲ್ಲಿ ಓಡುವ ಸ್ನೋಮೊಬೈಲಿಗೆ (ಕೆಳಗೆ ಸುತ್ತುವ ರಬ್ಬರ್ ಪಟ್ಟೆಯ, ಅಂದರೆ ಟ್ರ್ಯಾಕಿನ, ಬಲದಿಂದ ಸಾಗುವ ಹಿಮದ ಬಂಡಿಗೆ) ಎಂಥ ಗೇರ್ ಅನುಪಾತ ಇರಬೇಕು ಎಂಬುದನ್ನು ಕುರಿತ ತಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಬೆಂಗಳೂರಿನಲ್ಲಿದ್ದುಕೊಂಡು ಈ ವಿಷಯವನ್ನು ಕನ್ನಡದಲ್ಲಿ ವಿವರಿಸಲು ಹೊರಟಿರುವುದು ನನಗೆ ಸಂತೋಷ ತಂದಿದೆ. ಆದರೆ ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ.

‘ಅನುಪಾತ ಹೆಚ್ಚಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ’ ಎಂದು ಬರೆದಿದ್ದೀರಿ. ಇದು ತಪ್ಪು. ಚೈನಿನಿಂದ ಜೋಡಿಸಿದ ಎರಡು ಹಲ್ಲಿನ ಚಕ್ರಗಳ (ಸ್ಪ್ರಾಕೆಟ್) ಮೂಲಕ ಎಂಜಿನ್ನಿನ ಬಲ ಟ್ರ್ಯಾಕಿನತ್ತ ಹೋಗುತ್ತದೆ; ಕೆಳಗಿನದರ ಹಲ್ಲುಗಳನ್ನು ಮೇಲಿನದರ ಹಲ್ಲುಗಳಿಂದ ಭಾಗಿಸಿದರೆ ಸಿಗುವುದೇ ಅನುಪಾತ. ಸ್ಪ್ರಾಕೆಟ್ ಬದಲಿಸಿ ಅನುಪಾತ ಹೆಚ್ಚಿಸಿದಾಗ ಟ್ರ್ಯಾಕಿಗೆ ಸಿಗುವ ಟಾರ್ಕ್ (ತಿರುಗಿಸುವ ಬಲ) ಹೆಚ್ಚುತ್ತದೆ, ವೇಗ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಶಕ್ತಿ ಇದ್ದಷ್ಟೇ ಇರುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಯಾವ ಗೇರೂ ತುಂಬಿಕೊಡದು. ಹಾಗಾದರೆ ಬೆಟ್ಟದ ಸವಾರರು ಅನುಪಾತವನ್ನು ಹೆಚ್ಚಿಸುವುದೇಕೆ? ಲೇಖನದ ಜೀವಾಳ ಇರಬೇಕಾದದ್ದು ಇಲ್ಲಿ, ತಾವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರುವುದೂ ಇದನ್ನೇ. ಗೇರಿಲ್ಲದ ಸ್ಕೂಟರಿನಲ್ಲಿರುವಂತೆ ಇಲ್ಲಿಯೂ ಎಂಜಿನ್ನಿಗೂ ಸ್ಪ್ರಾಕೆಟ್ಟುಗಳಿಗೂ ನಡುವೆ, ಅಗಲ ಬದಲಾಗುವ ಎರಡು ರಾಟೆಗಳ (ಕ್ಲಚ್) ಮೇಲೆ ಬೆಲ್ಟ್ ಓಡುತ್ತದೆ. ಅನುಪಾತ ತೀರ ಕಡಿಮೆಯಿದ್ದರೆ, ಕಡಿದಾದ ಏರಿನಲ್ಲಿ ಟ್ರ್ಯಾಕ್ ನಿಧಾನವಾಗಿ ತಿರುಗುವಾಗ ಬೆಲ್ಟ್ ಎಂಜಿನ್ ಕಡೆಯ ಕ್ಲಚ್ಚಿನ ತಳಭಾಗದಲ್ಲಿಯೇ ಉಳಿದು, ಜಾರಿ, ಕಾದು, ಕೊನೆಗೆ ಹರಿದುಹೋಗುವ ಸಂಭವವಿದೆ. ಅನುಪಾತ ಹೆಚ್ಚಿದ್ದರೆ ಅದೇ ವೇಗದಲ್ಲಿ ಬೆಲ್ಟ್ ಮೇಲೇರಿ ಹಿಡಿತ ಸಾಧಿಸುತ್ತದೆ.

ಲೆಕ್ಕದಲ್ಲಿಯೂ ಒಂದು ದೊಡ್ಡ ಕೊರತೆಯಿದೆ. ಮೇಲೆ 21, ಕೆಳಗೆ 49 ಹಲ್ಲುಗಳಿರುವ ಬಂಡಿಯ ಅನುಪಾತ 2.33, ಮೇಲೆ 19, ಕೆಳಗೆ 49 ಇದ್ದರೆ 2.58. ಎರಡನೆಯದೇ ಬೆಟ್ಟಕ್ಕೆ ಉತ್ತಮವೆಂದು ತಾವು ತೀರ್ಮಾನಿಸಿದ್ದೀರಿ. ಆದರೆ ಟ್ರ್ಯಾಕನ್ನು ಎಳೆಯುವ ಚಕ್ರವನ್ನು ಮರೆತಿದ್ದೀರಿ. ತಮ್ಮದೇ ಪಟ್ಟಿಯಂತೆ ಮೊದಲನೆಯದರಲ್ಲಿ 3 ಇಂಚು ಅಂತರದ 7 ಹಲ್ಲುಗಳು, ಎರಡನೆಯದರಲ್ಲಿ 2.86 ಇಂಚು ಅಂತರದ 8 ಹಲ್ಲುಗಳು. ಚಕ್ರದ ಒಂದು ಸುತ್ತಿಗೆ ಟ್ರ್ಯಾಕ್ ಸಾಗುವ ದೂರ ಕ್ರಮವಾಗಿ 21 ಮತ್ತು ಸುಮಾರು 22.9 ಇಂಚು. ಇವನ್ನು ಆಯಾ ಅನುಪಾತದಿಂದ ಭಾಗಿಸಿದರೆ ಮೇಲಿನ ಸ್ಪ್ರಾಕೆಟ್ಟಿನ ಒಂದು ಸುತ್ತಿಗೆ 9 ಮತ್ತು 8.9 ಇಂಚು ಬರುತ್ತದೆ. ಅಂದರೆ ಎರಡೂ ಬಂಡಿಗಳು ಹೆಚ್ಚುಕಡಿಮೆ ಒಂದೇ. ಓದುಗರೊಬ್ಬರು ತಮ್ಮ ಮಾತು ನಂಬಿ ಹಣ ಖರ್ಚು ಮಾಡಿಯಾರು ಎಂಬ ಕಾರಣಕ್ಕೇ ನಾನು ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ.

ಎತ್ತರಕ್ಕೆ ತಕ್ಕಂತೆ ಕ್ಲಚ್ಚಿನ ತೂಕಗಳನ್ನು ಬದಲಿಸುವುದು ಎಂಜಿನ್ನಿನ ಸುತ್ತುಗಳನ್ನು ಸರಿಯಾದ ಮಟ್ಟದಲ್ಲಿ ಹಿಡಿದಿಡುವುದಕ್ಕಾಗಿ. ಅದನ್ನು ಗೇರಿಂಗ್ ಜೊತೆ ಬೆರೆಸಬೇಡಿ, ಬೇರೆ ಭಾಗವಾಗಿ ಬರೆಯಿರಿ. ಸ್ಪ್ರಾಕೆಟ್ ಬದಲಿಸಿದಾಗ ಚೈನಿನ ಉದ್ದವೂ ಬದಲಾಗಬೇಕಾಗಬಹುದು ಎಂಬ ಎಚ್ಚರಿಕೆಯನ್ನು ಸೇರಿಸಿ. ಆರಂಭದ ಕೋಷ್ಟಕವನ್ನು ಕೊನೆಗೆ ಒಯ್ದು, ಬೆಲ್ಟಿನ ವಿವರಣೆಯಿಂದಲೇ ಲೇಖನವನ್ನು ಆರಂಭಿಸಿ ಮತ್ತೆ ಕಳುಹಿಸಿರಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ, ಬೆಂಗಳೂರು